ಮಂಗಳೂರಲ್ಲಿ ವಾಯ್ಸ್ ಓವರ್ ಮಾಡಿಸುವಾಗ: ಯಾವ ಕೆಲಸಕ್ಕೆ ಯಾರ ದನಿ?

ವಾಯ್ಸ್ ಓವರ್ ಮಾಡಿಸಬೇಕು ಅಂದ ಕೂಡಲೇ ಎಲ್ಲರ ಬಾಯಿಗೆ ಬರುವ ಪ್ರಶ್ನೆ ಒಂದೇ: ‘ಎಷ್ಟು ತಗೊಳ್ತಾರೆ?’ ಕೇಳಬೇಕಾದದ್ದೇ. ಆದರೆ ಅದಕ್ಕೂ ಮುಂಚೆ ಎರಡು ಪ್ರಶ್ನೆಗಳಿವೆ. ಇದನ್ನು ಕೇಳುವವರು ಯಾರು? ಎಲ್ಲಿ ಕುಳಿತು, ಯಾವುದರಲ್ಲಿ ಕೇಳುತ್ತಾರೆ? ಈ ಎರಡಕ್ಕೆ ಉತ್ತರ ಗೊತ್ತಿದ್ದರೆ ಅರ್ಧ ಆಯ್ಕೆ ಮುಗಿದಂತೆಯೇ.

ಈಗ ದನಿ ಬೇಡದ ಕೆಲಸವೇ ಇಲ್ಲ. ಆಸ್ಪತ್ರೆಗೆ ಫೋನ್ ಮಾಡಿದರೆ ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಅಂತ ಯಾರೋ ಹೇಳಬೇಕು. ಚಿನ್ನದ ಅಂಗಡಿಗೆ ಎಫ್‌ಎಂ ಜಾಹೀರಾತು ಬೇಕು. ಶಾಲೆಯ ಶತಮಾನೋತ್ಸವಕ್ಕೆ ವಿಡಿಯೋ, ಹೋಂಸ್ಟೇಗೆ ರೀಲ್ಸ್, ನದಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಬೋಟಿಗೆ ಊರಿನ ಕಥೆ ಬೇಕು. ದನಿ ಕೊಡುವವರೂ ಮಂಗಳೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಷ್ಟ ಇರುವುದು ಆರಿಸುವುದರಲ್ಲಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಊರಿನ ಬಗ್ಗೆ ಹೇಳುವ ಕೆಲಸವಾದರೆ ಊರಿನವರನ್ನೇ ಕರೆಯಿರಿ. ಅವರ ಹತ್ತಿರ ಒಳ್ಳೆಯ ಮೈಕ್ ಇಲ್ಲದಿದ್ದರೂ ಪರವಾಗಿಲ್ಲ. ಮೈಕ್, ಕೋಣೆ ಎರಡೂ ಗಂಟೆಗಿಷ್ಟು ಅಂತ ಬಾಡಿಗೆಗೆ ಸಿಗುತ್ತವೆ. ಬೋಳೂರು, ಬೋಳಾರ, ಬೆಂಗ್ರೆ ಅಂತ ಇಲ್ಲಿನ ಜಾಗಗಳ ಹೆಸರನ್ನು ಚಿಕ್ಕಂದಿನಿಂದ ಹೇಳಿ ಪಳಗಿದ ಬಾಯನ್ನು ಬೇರೆ ಕಡೆಯಿಂದ ತರಿಸಲು ಆಗುವುದಿಲ್ಲ. ಮುಂದಿನ ಹೋಲಿಕೆಯನ್ನೆಲ್ಲ ಈ ಲೆಕ್ಕದಲ್ಲೇ ಓದಿಕೊಳ್ಳಿ.

ಬಂದರಿನ ಊರು, ಐದಾರು ಭಾಷೆ

ಹೈದರಾಲಿ 1763ರಲ್ಲಿ ಮಂಗಳೂರನ್ನು ಹಿಡಿದ ಮೇಲೆ ಇಲ್ಲಿ ಹಡಗು ಕಟ್ಟಿಸಿದ. ಟಿಪ್ಪು ಅದನ್ನು ಮುಂದುವರಿಸಿದ. ಯುದ್ಧದ ಹಡಗುಗಳು ಫಲ್ಗುಣಿ ನದಿಯೊಳಗೆ ನುಗ್ಗದ ಹಾಗೆ 1784ರಲ್ಲಿ ಬೋಳೂರಿನಲ್ಲಿ ಕಟ್ಟಿಸಿದ ಕಾವಲು ಗೋಪುರ, ಸುಲ್ತಾನ್ ಬತ್ತೇರಿ, ಇವತ್ತಿಗೂ ನಿಂತಿದೆ. ಆಮೇಲೆ ಕಾಲ ಬದಲಾಯಿತು. 1974ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಶುರುವಾಗಿ ದೊಡ್ಡ ಹಡಗುಗಳು ಅತ್ತ ಹೋದವು. ಹಳೆ ಬಂದರಿಗೆ ಉಳಿದದ್ದು ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ಅನ್ನುವ ಸರಕು ಹಡಗುಗಳು ಮತ್ತು ಮೀನುಗಾರಿಕೆಯ ಬೋಟುಗಳು. ಮರದ ಬೋಟುಗಳ ಜಾಗಕ್ಕೆ ಉಕ್ಕು, ಫೈಬರ್ ಬಂದವು. ದೊಡ್ಡ ಮಟ್ಟದಲ್ಲಿ ಹಡಗು ಕಟ್ಟುವುದನ್ನು ನೋಡಬೇಕಾದರೆ ಈಗ ಮಲ್ಪೆಗೆ ಹೋಗಬೇಕು. ಅಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್‌ನಲ್ಲಿ ಟಗ್ಗುಗಳು ತಯಾರಾಗುತ್ತವೆ.

ವಾಯ್ಸ್ ಓವರ್‌ಗೂ ಇದಕ್ಕೂ ಸಂಬಂಧ ಇದೆ. ಬಂದರಿನ ಕೆಲಸಕ್ಕೆ ಬಂದು ನೆಲೆ ನಿಂತವರ ಭಾಷೆಗಳೆಲ್ಲ ಊರಲ್ಲೇ ಉಳಿದವು. ಮೀನಿನ ಬೋಟುಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಬೆಳಗ್ಗೆ ಒಂದು ಸುತ್ತು ಹಾಕಿ ನೋಡಿ. ಮೀನು ಹರಾಜಾಗುವುದು ತುಳುವಿನಲ್ಲಿ, ಪಕ್ಕದಲ್ಲಿ ಬ್ಯಾರಿ ಮಾತು, ಇನ್ನೊಂದು ಕಡೆ ಕೊಂಕಣಿ, ಲಾರಿ ಹತ್ತಿರ ಮಲಯಾಳಂ. ಹಾಗಾಗಿ ‘ಲೋಕಲ್ ವಾಯ್ಸ್ ಬೇಕು’ ಅಂದರೆ ಸಾಲದು. ಯಾವ ಲೋಕಲ್ ಅಂತ ಹೇಳಬೇಕು.

ಕೊಂಕಣಿಯನ್ನೇ ತೆಗೆದುಕೊಳ್ಳಿ. ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ) ಮನೆಯ ಕೊಂಕಣಿ, ಕ್ಯಾಥೊಲಿಕ್ ಮನೆಯ ಕೊಂಕಣಿ ಎರಡರ ಪದಗಳೂ ಬೇರೆ, ರಾಗವೂ ಬೇರೆ. ಚರ್ಚಿನ ವಾರ್ಷಿಕ ಹಬ್ಬಕ್ಕೆ ಬರುವವರಿಗಾಗಿ ಮಾಡಿದ ಜಾಹೀರಾತನ್ನು ಜಿಎಸ್‌ಬಿಗಳ ಕೇರಿಯಾದ ಕಾರ್‌ಸ್ಟ್ರೀಟಿನವರು ಓದಿದರೆ ಎರಡೇ ವಾಕ್ಯದಲ್ಲಿ ಗೊತ್ತಾಗುತ್ತದೆ. ಕನ್ನಡದಲ್ಲೂ ಅಷ್ಟೇ. ಮಂಗಳೂರಿನ ಕನ್ನಡ ಒಂದು, ‘ಹ್ವಾಯ್’ ಅಂತ ಕರೆಯುವ ಕುಂದಾಪುರದ ಕನ್ನಡ ಇನ್ನೊಂದು. ಕುಂದಾಪುರದ ಹೋಟೆಲಿಗೆ ಮಂಗಳೂರಿನವರು ಆ ಕನ್ನಡವನ್ನು ಅನುಕರಣೆ ಮಾಡಿ ಓದಿದರೆ ಕುಂದಾಪುರದವರಿಗೆ ಬೇಜಾರಾಗುತ್ತದೆ, ಅದು ನ್ಯಾಯವೂ ಹೌದು.

ತುಳುವಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ‘ನಾನು ಮಾಡುತ್ತೇನೆ’ ಅನ್ನುವುದನ್ನೂ ‘ಅವನು ಮಾಡುತ್ತಾನೆ’ ಅನ್ನುವುದನ್ನೂ ಕನ್ನಡ ಲಿಪಿಯಲ್ಲಿ ಸಾಮಾನ್ಯವಾಗಿ ಒಂದೇ ತರ ‘ಮಲ್ಪುವೆ’ ಅಂತ ಬರೆಯುತ್ತಾರೆ. ಹೇಳುವಾಗ ಕೊನೆಯ ಸ್ವರ ಬೇರೆ. ‘ನಾನು’ ಆದರೆ ಬಾಯಿ ಸ್ವಲ್ಪ ಜಾಸ್ತಿ ತೆರೆಯಬೇಕು. ಕನ್ನಡ ಲಿಪಿ ಓದಲು ಬರುವ, ಆದರೆ ತುಳು ಮನೆಮಾತಲ್ಲದ ಒಬ್ಬರಿಗೆ ಕಾಗದ ಕೊಟ್ಟು ಓದಿಸಿದರೆ ಇಂಥ ಕಡೆಯಲ್ಲೆಲ್ಲ ಎಡವುತ್ತಾರೆ. ಎಷ್ಟೇ ಒಳ್ಳೆಯ ಕಂಠ ಇರಲಿ, ತುಳುವನ್ನು ತುಳು ಮಾತಾಡುವವರಿಂದಲೇ ಓದಿಸಿ. ಇದರಲ್ಲಿ ನನಗೆ ರಾಜಿ ಇಲ್ಲ.

ರೇಡಿಯೋದಿಂದ ಬಂದವರು

ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾಯಿತು. ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿಯಲ್ಲೂ ಕಾರ್ಯಕ್ರಮ ಕೊಡುವ ನಿಲಯ ಇದು. ಅಲ್ಲಿ ತಾತ್ಕಾಲಿಕ ಉದ್ಘೋಷಕರಾಗಿ ಕೆಲಸ ಮಾಡಿದವರು ಜಿಲ್ಲೆಯ ತುಂಬ ಇದ್ದಾರೆ. ಶಿಕ್ಷಕಿಯರು, ಬ್ಯಾಂಕಿನಲ್ಲಿ ಇದ್ದವರು, ಗೃಹಿಣಿಯರು. ದನಿ ಪರೀಕ್ಷೆ, ತರಬೇತಿ ದಾಟಿ ಮೈಕ್ ಮುಂದೆ ಕುಳಿತವರು.

ಇವರ ದೊಡ್ಡ ಗುಣ ಎಂದರೆ ಶಿಸ್ತು. ಕಾಗದ ಕೈಗೆ ಸಿಕ್ಕಿದ ತಕ್ಷಣ ಪೆನ್ಸಿಲ್ ತೆಗೆದು ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಗೆರೆ ಹಾಕುತ್ತಾರೆ. ಅಂಕಿ, ದಿನಾಂಕ, ಫೋನ್ ನಂಬರ್ ಓದುವಾಗ ತಡವರಿಸುವುದಿಲ್ಲ. 30 ಸೆಕೆಂಡ್ ಅಂದರೆ 30 ಸೆಕೆಂಡಿಗೆ ಮುಗಿಸುತ್ತಾರೆ. ಪುಟ ತಿರುಗಿಸುವ ಸದ್ದು ಕೂಡ ಮೈಕಿಗೆ ಬೀಳುವುದಿಲ್ಲ. ಆಸ್ಪತ್ರೆಯ ಫೋನ್, ಸಹಕಾರಿ ಸಂಘದ ವರದಿ, ವಸ್ತುಸಂಗ್ರಹಾಲಯದ ವಿವರಣೆ, ಸರಕಾರಿ ಇಲಾಖೆಯ ವಿಡಿಯೋ, ಇವಕ್ಕೆಲ್ಲ ನಾನು ಮೊದಲು ಹುಡುಕುವುದು ಇವರನ್ನೇ. ಕೇಳುವವರಿಗೆ ನಂಬಿಕೆ ಬರುವ ದನಿ ಅದು.

ಕೊರತೆಯೂ ಅಲ್ಲೇ ಇದೆ. ಓದುವ ಧಾಟಿ ಮೈಗೂಡಿಬಿಟ್ಟಿರುತ್ತದೆ. ‘ಬನ್ನಿ, ಒಳ್ಳೆ ಬಂಗುಡೆ ಉಂಟು’ ಅನ್ನುವ ಸಾಲನ್ನು ಪ್ರದೇಶ ಸಮಾಚಾರದ ಗತ್ತಿನಲ್ಲಿ ಹೇಳಿದರೆ ಯಾರಿಗೂ ಹಸಿವಾಗುವುದಿಲ್ಲ, ಅಲ್ವಾ? ‘ಮನೆಯಲ್ಲಿ ತಂಗಿಗೆ ಹೇಳಿದ ಹಾಗೆ ಹೇಳಿ’ ಅಂತ ಕೇಳಿಕೊಂಡರೆ ಕೆಲವರು ಚೆನ್ನಾಗಿ ಬದಲಾಗುತ್ತಾರೆ, ಕೆಲವರಿಗೆ ಆಗುವುದಿಲ್ಲ. ಸ್ಯಾಂಪಲ್ ಕೇಳುವಾಗಲೇ ಎರಡೂ ತರ ಓದಿಸಿ ನೋಡಿ. ಇನ್ನೊಂದು ವಿಷಯ: ಆಕಾಶವಾಣಿಯ ಕಾಯಂ ನೌಕರರು ಹೊರಗಿನ ಕೆಲಸ ಮಾಡಬೇಕಾದರೆ ಇಲಾಖೆಯ ಅನುಮತಿ ಬೇಕಾಗುತ್ತದೆ. ಅದನ್ನು ಮೊದಲೇ ಕೇಳಿಕೊಂಡರೆ ಇಬ್ಬರಿಗೂ ಮುಜುಗರ ತಪ್ಪುತ್ತದೆ.

ಖಾಸಗಿ ಎಫ್‌ಎಂನ ಆರ್‌ಜೆಗಳದ್ದು, ಅಂದರೆ ರೇಡಿಯೋ ಜಾಕಿಗಳದ್ದು, ಬೇರೆಯೇ ದಾರಿ. ಚುರುಕು, ನಗು, ತುಳು ಕನ್ನಡ ಬೆರೆಸಿದ ಮಾತು. ರೀಲ್ಸ್, ಬಟ್ಟೆ ಅಂಗಡಿ, ಕಾಲೇಜು ಹಬ್ಬಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ಆ ದನಿ ಊರಿಗೆಲ್ಲ ಪರಿಚಯ. ಜನ ನಿಮ್ಮ ಅಂಗಡಿಗಿಂತ ಮೊದಲು ಆರ್‌ಜೆಯನ್ನು ಗುರುತಿಸುತ್ತಾರೆ. ನಿಮ್ಮ ಪಕ್ಕದ ಅಂಗಡಿಯ ಜಾಹೀರಾತಿಗೂ ಅದೇ ದನಿ ಇರಬಹುದು. ಚಾನೆಲ್ ಜೊತೆಗಿನ ಒಪ್ಪಂದದಲ್ಲಿ ಹೊರಗಿನ ಕೆಲಸಕ್ಕೆ ಅವಕಾಶ ಇದೆಯಾ ಅಂತ ಅವರನ್ನೇ ಕೇಳಿ.

ದುಡ್ಡು ಕಡಿಮೆ ಇದ್ದರೆ ಸಮುದಾಯ ಬಾನುಲಿಗಳ ಕಡೆ ನೋಡಿ. ಮಂಗಳೂರಿನಲ್ಲಿ ಸೇಂಟ್ ಅಲೋಶಿಯಸ್‌ನ ರೇಡಿಯೋ ಸಾರಂಗ್ 107.8 ಇದೆ, ಮಣಿಪಾಲದಲ್ಲಿ ರೇಡಿಯೋ ಮಣಿಪಾಲ್ 90.4 ಇದೆ. ಅಲ್ಲಿ ಪಳಗಿದ ವಿದ್ಯಾರ್ಥಿಗಳು ಉತ್ಸಾಹದಿಂದ ಮಾಡುತ್ತಾರೆ. ವಿದ್ಯಾರ್ಥಿ ಅಂತ ಬಿಟ್ಟಿ ಕೆಲಸ ಮಾಡಿಸಬೇಡಿ. ಹೆಸರು ಹಾಕುತ್ತೇವೆ ಅನ್ನುವುದು ಸಂಬಳ ಅಲ್ಲ.

ರಂಗಸ್ಥಳ, ನಾಟಕ, ಕಂಬಳದ ಕರೆ

ಬೇರೆ ಊರಿನವರಿಗೆ ಇಲ್ಲದ ಸಂಪತ್ತು ನಮಗೆ ಇರುವುದು ಇಲ್ಲಿ. ರಾತ್ರಿಯಿಡೀ ಮಾತಾಡಿಯೂ ದನಿ ಒಡೆಯದ ಜನ ಇವರು.

ತುಳು ನಾಟಕದ ಕಲಾವಿದರು ನನ್ನ ಮೊದಲ ಆಯ್ಕೆ, ಮುಖ್ಯವಾಗಿ ಪಾತ್ರ ಇರುವ ಜಾಹೀರಾತಿಗೆ. ಅತ್ತೆ ಸೊಸೆ, ರಿಕ್ಷಾದವರು ಪ್ಯಾಸೆಂಜರ್, ಮೀನು ಮಾರುವ ಅಕ್ಕ ಗಿರಾಕಿ, ಯಾವ ಜೋಡಿ ಕೊಟ್ಟರೂ ನಿಂತಲ್ಲೇ ಜೀವ ತುಂಬುತ್ತಾರೆ. ನಗು ಎಲ್ಲಿ ಬರುತ್ತದೆ ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ. ಒಂದೇ ಎಚ್ಚರಿಕೆ: ವೇದಿಕೆಯಲ್ಲಿ ಕೊನೆಯ ಸಾಲಿಗೆ ಮುಟ್ಟಿಸಿ ಅಭ್ಯಾಸ. ಮೈಕ್ ಅರ್ಧ ಅಡಿ ದೂರದಲ್ಲಿ ಇದ್ದರೂ ಹಾಗೇ ಎತ್ತಿ ಹೇಳುತ್ತಾರೆ. ಹೆಡ್‌ಫೋನ್ ಹಾಕಿಸಿ ಅವರದೇ ದನಿ ಅವರಿಗೆ ಕೇಳಿಸಿ. ಸ್ವಲ್ಪ ಹೊತ್ತಿನಲ್ಲೇ ಇಳಿಸಿಕೊಳ್ಳುತ್ತಾರೆ.

ಯಕ್ಷಗಾನದವರಲ್ಲಿ, ಅದರಲ್ಲೂ ವೇಷ, ಕುಣಿತ ಇಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯ ಅರ್ಥಧಾರಿಗಳಲ್ಲಿ, ಭಾಷೆಯ ಶಕ್ತಿ ಬಹಳ. ಆದರೆ ಅವರ ಕಲೆ ಕಾಗದ ನೋಡಿ ಓದುವುದಲ್ಲ. ಪದ್ಯ ಕೇಳಿ ಅಲ್ಲೇ ಮಾತು ಕಟ್ಟುವುದು. ಅಂಥವರ ಕೈಗೆ ಬರೆದ ಸ್ಕ್ರಿಪ್ಟ್ ಕೊಟ್ಟರೆ ಅವರ ಬಲವನ್ನೇ ಕಿತ್ತುಕೊಂಡ ಹಾಗೆ. ಬದಲಿಗೆ ನಾಲ್ಕು ಅಂಶ ಕೊಡಿ: ಬತ್ತೇರಿ ಯಾಕೆ ಕಟ್ಟಿದ್ದು, ಎದುರಿಗೆ ನದಿ, ಆಚೆ ತಣ್ಣೀರುಬಾವಿ, ನದಿ ಸಮುದ್ರ ಸೇರುವ ಅಳಿವೆ ಬಾಗಿಲು. ‘ಇದನ್ನು ನೀವೇ ಹೇಳಿ’ ಅನ್ನಿ. ಹತ್ತು ನಿಮಿಷ ಮಾತಾಡಲಿ, ಆಮೇಲೆ ಎರಡು ನಿಮಿಷಕ್ಕೆ ಕತ್ತರಿಸಿಕೊಳ್ಳಿ. ಕಥೆ ಹೇಳುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. 30 ಸೆಕೆಂಡಿನ ಜಾಹೀರಾತಿಗೆ ಮಾತ್ರ ಇವರನ್ನು ಕರೆಯಬೇಡಿ, ಅದು ಇಬ್ಬರಿಗೂ ಹಿಂಸೆ.

ಕಂಬಳದ ವೀಕ್ಷಕ ವಿವರಣೆ, ಕ್ರಿಕೆಟ್ ಟೂರ್ನಮೆಂಟಿನ ಕಾಮೆಂಟ್ರಿ ಹೇಳುವವರು ಜೀಪಿನಲ್ಲಿ ಮೈಕ್ ಕಟ್ಟಿಕೊಂಡು ಹೋಗುವ ಪ್ರಚಾರಕ್ಕೆ ಸೂಕ್ತ. ಗದ್ದಲದ ಮೇಲೆ ತೇಲುವ ದನಿ ಅದು. ಮ್ಯೂಸಿಯಂನ ಶಾಂತ ಕೋಣೆಗೆ ಹೊಂದುವುದಿಲ್ಲ. ಮದುವೆ, ಕ್ಯಾಥೊಲಿಕರ ಮದುವೆಗೆ ಮುಂಚಿನ ರೋಸ್ ಕಾರ್ಯಕ್ರಮ ನಡೆಸಿಕೊಡುವ ಎಂಸಿಗಳಿಗೆ (ನಿರೂಪಕರಿಗೆ) ಕೊಂಕಣಿ, ಇಂಗ್ಲಿಷ್, ತುಳು ಮೂರೂ ಸರಾಗ. ಒಬ್ಬರಿಂದಲೇ ಎರಡು ಮೂರು ಭಾಷೆಯ ಕೆಲಸ ಮಾಡಿಸಬೇಕಾದರೆ ಇವರನ್ನು ನೆನಪಿಟ್ಟುಕೊಳ್ಳಿ.

ಇವರ ಪುರುಸೊತ್ತಿನ ಲೆಕ್ಕ ಬೇರೆ. ಯಕ್ಷಗಾನ ಮೇಳದ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾದರೆ ಮೇ ಕೊನೆಯ ಪತ್ತನಾಜೆಯವರೆಗೆ, ಅಂದರೆ ತುಳುನಾಡಿನಲ್ಲಿ ಆಟಗಳ ಕಾಲ ಮುಗಿಯುವ ದಿನದವರೆಗೆ. ಕಂಬಳವೂ ಚಳಿಗಾಲದಿಂದ ಬೇಸಿಗೆಯವರೆಗೆ. ಆ ಸಮಯದಲ್ಲಿ ಬೆಳಗ್ಗೆ ಹತ್ತಕ್ಕೆ ಸ್ಟುಡಿಯೋಗೆ ಕರೆಯುವುದು ಸರಿಯಲ್ಲ, ರಾತ್ರಿ ಕುಣಿದು ಮಾತಾಡಿ ಬಂದಿರುತ್ತಾರೆ, ಗಂಟಲು ದಪ್ಪ ಇರುತ್ತದೆ. ಮಧ್ಯಾಹ್ನ ಮಲಗಿ ಎದ್ದ ಮೇಲೆ ನಾಲ್ಕು ಗಂಟೆಯ ಹೊತ್ತಿಗೆ ಕರೆಯಿರಿ. ಪತ್ತನಾಜೆ ಕಳೆದ ಮೇಲೆ ಮೇಳದವರು ಬಿಡುವಾಗುತ್ತಾರೆ, ಆದರೆ ಆಗ ಮಳೆ ಶುರು. ಹಂಚಿನ ಮಾಡು, ಶೀಟಿನ ಮಾಡು ಇರುವ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೆಕಾರ್ಡಿಂಗ್ ನೆನೆಸುವುದೇ ಬೇಡ. ತಾಳಮದ್ದಳೆಯವರಿಗೆ ಮಳೆಗಾಲದಲ್ಲೇ ಕೂಟಗಳು ಜಾಸ್ತಿ. ಹೀಗಾಗಿ ದೊಡ್ಡ ಕೆಲಸ ಇದ್ದರೆ ತಿಂಗಳಿಗೆ ಮುಂಚೆ ಮಾತಾಡಿಕೊಳ್ಳಿ.

ಮನೆ ಸ್ಟುಡಿಯೋ, ಹಾಡಿನ ಸ್ಟುಡಿಯೋ, ಬೆಂಗಳೂರು

ಕೊರೊನಾ ಕಾಲದ ನಂತರ ಮನೆಯಲ್ಲೇ ಮೈಕ್ ಇಟ್ಟುಕೊಂಡು ಕೆಲಸ ಮಾಡುವವರು ಜಾಸ್ತಿಯಾದರು. ಬೆಳಗ್ಗೆ ಸ್ಕ್ರಿಪ್ಟ್ ವಾಟ್ಸಾಪ್ ಮಾಡಿದರೆ ಸಂಜೆಗೆ ಫೈಲ್ ಬರುತ್ತದೆ. ಬೇಗ ಬೇಕು, ಪದೇ ಪದೇ ಬೇಕು ಅನ್ನುವ ಕೆಲಸಕ್ಕೆ ಇದು ಚೆನ್ನ. ಇವರನ್ನು ಆರಿಸುವಾಗ ದನಿಯ ಜೊತೆ ಕೋಣೆಯನ್ನೂ ಆರಿಸುತ್ತಿದ್ದೀರಿ ಅನ್ನುವುದು ನೆನಪಿರಲಿ. ಸಂಗೀತ ಸೇರಿಸಿದ ಡೆಮೊ ಕೇಳಿ ಒಪ್ಪಬೇಡಿ. ಏನೂ ಸೇರಿಸದ, ಏನೂ ತೊಳೆಯದ ಒಂದು ನಿಮಿಷದ ಫೈಲ್ ಕೇಳಿ. ಅದರ ಕೊನೆಗೆ ಹತ್ತು ಸೆಕೆಂಡ್ ಸುಮ್ನೆ ಇರಲು ಹೇಳಿ. ಆ ಹತ್ತು ಸೆಕೆಂಡ್‌ನಲ್ಲಿ ಎಲ್ಲ ತಿಳಿಯುತ್ತದೆ: ಫ್ಯಾನ್, ಫ್ರಿಜ್, ಪಕ್ಕದ ಮನೆಯ ಮಿಕ್ಸಿ, ರಸ್ತೆಯ ಬಸ್ಸಿನ ಹಾರ್ನ್, ಸಂಜೆಯಾದರೆ ಜೀರುಂಡೆ.

ಬೆಂಗಳೂರಿನ ಸ್ಟುಡಿಯೋಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸದ್ದು ಸ್ವಚ್ಛ, ಕೆಲಸ ಅಚ್ಚುಕಟ್ಟು. ರಾಜ್ಯಕ್ಕೆಲ್ಲ ಹೋಗುವ ಜಾಹೀರಾತಾದರೆ ಅದೇ ಸರಿ. ಉಳ್ಳಾಲ, ಕೂಳೂರು, ಜೆಪ್ಪು, ಅತ್ತಾವರ ಬರುವ ಸ್ಕ್ರಿಪ್ಟ್ ಆದರೆ ಹೆಸರುಗಳನ್ನೆಲ್ಲ ನೀವೇ ಹೇಳಿ ವಾಯ್ಸ್ ಮೆಸೇಜ್ ಕಳಿಸಿ, ಬರೆದು ಕಳಿಸಿದರೆ ಸಾಲದು.

ನನ್ನ ಇಷ್ಟದ ದಾರಿ ಮಧ್ಯದ್ದು. ಭಜನೆ, ಭಕ್ತಿಗೀತೆ, ನಾಟಕದ ಹಾಡು ರೆಕಾರ್ಡ್ ಮಾಡುವ ಸ್ಟುಡಿಯೋಗಳು ಮಂಗಳೂರು ಉಡುಪಿ ಎರಡೂ ಕಡೆ ಇವೆ. ದನಿಗೆ ಊರಿನ ಕಲಾವಿದರನ್ನು ಆರಿಸಿ, ಆ ಸ್ಟುಡಿಯೋವನ್ನು ಒಂದೆರಡು ಗಂಟೆಗೆ ಹಿಡಿಯಿರಿ, ನೀವೂ ಹೋಗಿ ಕುಳಿತುಕೊಳ್ಳಿ. ಕನ್ನಡದಲ್ಲಿ ನಿಧಾನಕ್ಕೆ ಓದಿದರೆ ನಿಮಿಷಕ್ಕೆ ಸುಮಾರು 100 ರಿಂದ 120 ಪದ ಆಗುತ್ತದೆ. ಮೂರು ನಿಮಿಷದ ವಿಡಿಯೋ ಅಂದರೆ 330 ಪದದ ಆಸುಪಾಸು. ಎರಡು ಭಾಷೆಯಾದರೂ ಒಂದೇ ಸಲಕ್ಕೆ ಮುಗಿಯುತ್ತದೆ. 30 ಸೆಕೆಂಡಿನ ಜಾಹೀರಾತಿಗೆ 55 ಪದ ದಾಟಿಸಬೇಡಿ, ಫೋನ್ ನಂಬರ್ ಇದ್ದರೆ ಇನ್ನೂ ಕಡಿಮೆ.

ಎಐ ದನಿ

ಕನ್ನಡದಲ್ಲಿ ಯಂತ್ರದ ದನಿ ಈಗ ಸಾಕಷ್ಟು ಸುಧಾರಿಸಿದೆ. ಮೈಕ್ರೋಸಾಫ್ಟ್‌ನ ‘ಸಪ್ನಾ’, ‘ಗಗನ್’ ಅನ್ನುವ ದನಿಗಳನ್ನು ಕೇಳಿದರೆ ಗೊತ್ತಾಗುತ್ತದೆ. ದಿನಾ ಬದಲಾಗುವ ಮಾಹಿತಿಗೆ, ಟೋಕನ್ ನಂಬರ್ ಕರೆಯುವುದಕ್ಕೆ, ವಿಡಿಯೋ ಎಡಿಟ್ ಮಾಡುವಾಗ ಅಳತೆ ನೋಡುವುದಕ್ಕೆ ಧಾರಾಳವಾಗಿ ಬಳಸಿ. ಪ್ರತಿ ಟೋಕನ್‌ಗೂ ಮನುಷ್ಯರನ್ನು ಕರೆಯಲು ಆಗುವುದಿಲ್ಲ.

ಆದರೆ ಅದು ಎಲ್ಲಿಯದೂ ಅಲ್ಲದ ಕನ್ನಡ. ‘ಎಂತ ಮಾರಾಯ್ರೆ’ ಅಂತ ಅದರ ಬಾಯಲ್ಲಿ ಹೇಳಿಸಿದರೆ ಅದರಲ್ಲಿ ಸಲುಗೆಯೇ ಇರುವುದಿಲ್ಲ. ತುಳುವಿಗೆ ಬಂದರೆ, ಗೂಗಲ್ ಅನುವಾದಕ್ಕೆ ತುಳು ಸೇರಿದ್ದೇ 2024ರ ಜೂನ್‌ನಲ್ಲಿ. ಅನುವಾದವನ್ನೇ ತಿದ್ದದೆ ಬಳಸಲು ಆಗದಿರುವಾಗ ದನಿಯ ಮಾತು ದೂರವೇ ಉಳಿಯಿತು. ಬ್ಯಾರಿಗಂತೂ ಮನುಷ್ಯರೇ ಗತಿ, ಅದು ಒಳ್ಳೆಯದೇ. ಊರಿನ ಹೆಮ್ಮೆಯ ಕಥೆಯನ್ನು, ಕೆಲಸ ಹುಡುಕುವ ಕಲಾವಿದರು ಪಕ್ಕದ ಬೀದಿಯಲ್ಲೇ ಇರುವಾಗ, ಯಂತ್ರದಿಂದ ಹೇಳಿಸುವುದು ನನಗೆ ಒಪ್ಪಿಗೆ ಇಲ್ಲ.

ಎಲ್ಲಿ ಕೇಳುತ್ತಾರೆ ಅನ್ನುವುದು

ಇದನ್ನು ಹೆಚ್ಚಿನವರು ಮರೆಯುತ್ತಾರೆ. ಬೋಟಿನಲ್ಲಿ ಮೈಕ್ ಹಾಕುವ ಉದಾಹರಣೆ ನೋಡಿ. ಡೀಸೆಲ್ ಎಂಜಿನ್ ಸದ್ದು ಪೂರ್ತಿ ತಗ್ಗಿನ ಸ್ವರದಲ್ಲಿ ಇರುತ್ತದೆ, ಕಾಲಡಿಯ ಹಲಗೆ ನಡುಗುವಂಥದ್ದು. ಅದರ ಮೇಲೆ ಗಾಳಿ. ತಲೆ ಮೇಲೆ ಕಟ್ಟಿದ ಹಾರ್ನ್ ಸ್ಪೀಕರ್‌ನಲ್ಲಿ ತಗ್ಗಿನ ಸ್ವರ ಹೊರಗೆ ಬರುವುದೇ ಇಲ್ಲ. ಇಂಥ ಕಡೆ ಆ ಗಂಭೀರ, ಆಳವಾದ ಗಂಡು ದನಿ ಹಾಕಿದರೆ ಅರ್ಧವನ್ನು ಸ್ಪೀಕರ್ ನುಂಗುತ್ತದೆ, ಉಳಿದರ್ಧವನ್ನು ಎಂಜಿನ್ ಮುಚ್ಚುತ್ತದೆ. ಸ್ಟುಡಿಯೋದಲ್ಲಿ ಎಲ್ಲರೂ ಮೆಚ್ಚಿದ ದನಿ ನದಿಯಲ್ಲಿ ಬರೀ ಗುಯ್‌ಗುಟ್ಟುತ್ತದೆ. ಸ್ವಲ್ಪ ಎತ್ತರದ, ವ್ಯಂಜನಗಳನ್ನು ಕಡಿದು ಹೇಳುವ ಹೆಣ್ಣು ದನಿ, ಅಥವಾ ತೆಳು ಕಂಠದ ಗಂಡು ದನಿ ಅಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ವಾಕ್ಯ ಚಿಕ್ಕದಿರಬೇಕು. ಎರಡು ವಾಕ್ಯದ ನಡುವೆ ಜಾಗ ಇರಬೇಕು. ಆಯ್ಕೆ ಮಾಡುವ ಮುಂಚೆ ಮೂರ್ನಾಲ್ಕು ಜನರ ಸ್ಯಾಂಪಲ್ಲನ್ನು ಬೋಟಿಗೇ ಒಯ್ದು, ಎಂಜಿನ್ ಚಾಲೂ ಮಾಡಿಸಿ, ಹಿಂದಿನ ಸೀಟಿನಲ್ಲಿ ಕುಳಿತು ಕೇಳಿ.

ಫೋನಿನ ಲೆಕ್ಕವೂ ಹೀಗೇ. ಸಾಧಾರಣ ಫೋನ್ ಲೈನಿನಲ್ಲಿ 300 ಹರ್ಟ್ಸ್‌ನಿಂದ 3,400 ಹರ್ಟ್ಸ್‌ವರೆಗಿನ ಸದ್ದು ಮಾತ್ರ ದಾಟುತ್ತದೆ. ಸ, ಶ, ಫ ಇವುಗಳ ವ್ಯತ್ಯಾಸ ಮಸುಕಾಗುತ್ತದೆ. ಕಂಠದ ಸೊಗಸಿಗಿಂತ ಉಚ್ಚಾರ ಸ್ಪಷ್ಟ ಇರುವವರೇ ಬೇಕು. ಸ್ಯಾಂಪಲ್ಲನ್ನು ಒಂದು ಫೋನಿನಿಂದ ಇನ್ನೊಂದಕ್ಕೆ ಕರೆ ಮಾಡಿ ಕೇಳಿಸಿಕೊಂಡರೆ ತಿಳಿಯುತ್ತದೆ.

ಪರೀಕ್ಷೆಗೆ ಒಂದು ಸ್ಕ್ರಿಪ್ಟ್

ಎಲ್ಲರಿಗೂ ಒಂದೇ ಸ್ಕ್ರಿಪ್ಟ್ ಕೊಡಿ. ಬೇರೆ ಬೇರೆ ಡೆಮೊ ಕೇಳಿ ಹೋಲಿಸಲು ಆಗುವುದಿಲ್ಲ. ನಾನು ಕೊಡುವುದು ಹೀಗಿರುತ್ತದೆ:

‘ಬೋಳೂರಿನ ಬತ್ತೇರಿಯನ್ನು ಕಟ್ಟಿದ್ದು 1784ರಲ್ಲಿ. ಅದರ ಬುಡದಲ್ಲೇ ಕಡವು. ಆಚೆ ದಡ ತಣ್ಣೀರುಬಾವಿ, ಈಚೆ ಕುದ್ರೋಳಿ, ಮುಂದೆ ಹೋದರೆ ಬಂದರು, ಅಲ್ಲಿಂದ ಬೋಳಾರ. ಇಬ್ಬರಿಗೆ 450 ರೂಪಾಯಿ. ಮಕ್ಕಳು ಉಂಟಾ? ಹಾಗಾದರೆ ಲೈಫ್ ಜಾಕೆಟ್ ಹಾಕದೆ ಹತ್ತಿಸಬೇಡಿ.’

ಇದರಲ್ಲಿ ಇಸವಿ ಇದೆ, ದರ ಇದೆ, ಕಿವಿಗೆ ಹತ್ತಿರದ ಬೋಳೂರು ಬೋಳಾರ ಇವೆ, ಒಂದು ಪ್ರಶ್ನೆ ಇದೆ, ಕೊನೆಗೆ ಒಂದು ಎಚ್ಚರಿಕೆ. ‘ಮಕ್ಕಳು ಉಂಟಾ?’ ಅನ್ನುವ ಕಡೆ ಗಮನ ಇಡಿ. ಎದುರಿಗೆ ನಿಜವಾಗಿ ಒಬ್ಬರು ನಿಂತಿದ್ದಾರೆ ಅನ್ನುವ ಹಾಗೆ ಕೇಳಿದರೆ ಅವರು ನಿಮ್ಮ ಕೆಲಸಕ್ಕೆ ಆಗುತ್ತಾರೆ. ಲೈಫ್ ಜಾಕೆಟ್‌ನ ಸಾಲಿನಲ್ಲಿ ಹೆದರಿಸಬಾರದು, ಸಡಿಲವಾಗಿಯೂ ಹೇಳಬಾರದು. ಅದನ್ನು ಸರಿಯಾಗಿ ಹೇಳುವವರು ಕಡಿಮೆ.

ಹಡಗು ಕಟ್ಟಿದವರ ದನಿ

ಬಂದರಿನ ಇತಿಹಾಸದ ವಿಡಿಯೋ ಮಾಡುವವರಿಗೆ ಇನ್ನೊಂದು ಆಯ್ಕೆ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮರದ ಬೋಟು ಕಟ್ಟಿದ ಮೇಸ್ತ್ರಿಗಳು, ಮಂಜಿಯಲ್ಲಿ ದುಡಿದವರು, ಬೋಟು ನಡೆಸಿದ ಹಳೆ ತಾಂಡೇಲರು ಇನ್ನೂ ನಮ್ಮ ನಡುವೆ ಇದ್ದಾರೆ. ಹಲಗೆ ಹೇಗೆ ಬಗ್ಗಿಸಿದರು, ಸಂದಿಗೆ ಏನು ತುಂಬಿದರು ಅನ್ನುವುದನ್ನು ಕಲಾವಿದರು ಓದುವುದಕ್ಕೂ ಅವರೇ ಹೇಳುವುದಕ್ಕೂ ಅಜಗಜಾಂತರ. ಕಥೆಯ ಎಳೆಯನ್ನು ಕಲಾವಿದರ ದನಿಯಲ್ಲಿ ಇಡಿ, ಕೆಲಸದ ಮಾತು ಬಂದಾಗ ಅವರ ದನಿಗೆ ಬಿಡಿ. ಬ್ಯಾರಿಯಲ್ಲೋ ತುಳುವಿನಲ್ಲೋ ಮಾತಾಡಿದರೆ ಹಾಗೇ ಇರಲಿ, ಕೆಳಗೆ ಕನ್ನಡದ ಅಕ್ಷರ ಹಾಕಿದರೆ ಆಯಿತು.

ಅವರನ್ನು ಸ್ಟುಡಿಯೋಗೆ ಎಳೆದು ತರಬೇಡಿ, ಮಾತು ನಿಂತುಹೋಗುತ್ತದೆ. ಅಂಗಿಗೆ ಸಿಕ್ಕಿಸುವ ಮೈಕ್ ತೆಗೆದುಕೊಂಡು ಅವರ ಜಾಗಕ್ಕೇ ಹೋಗಿ, ಯಂತ್ರಗಳು ನಿಂತ ಊಟದ ಹೊತ್ತಿಗೆ. ‘ಅಜ್ಜೆರೆ’, ‘ಸಾಯಿಬರೆ’ ಅಂತ ಮನೆಯವರು ಪರಿಚಯಿಸಿದ ಹಾಗೆ ಮಾತಾಡಿಸಿ. ಅವರಿಗೂ ಸಂಭಾವನೆ ಕೊಡಿ. ಅವರು ಕಲಾವಿದರಲ್ಲ ಅನ್ನುವ ಕಾರಣಕ್ಕೆ ಒಂದು ಶಾಲು ಹೊದಿಸಿ ಬರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ದುಡ್ಡು ಮತ್ತು ಕಾಗದ

ದರ ಹೇಳುವ ರೀತಿ ಒಬ್ಬೊಬ್ಬರದು ಒಂದೊಂದು. ಕೆಲವರು ನಿಮಿಷಕ್ಕೆ, ಕೆಲವರು ಪದಕ್ಕೆ, ಕೆಲವರು ಇಡೀ ಕೆಲಸಕ್ಕೆ. ಹೋಲಿಸುವಾಗ ಎಲ್ಲವನ್ನೂ ಒಂದೇ ಅಳತೆಗೆ ತನ್ನಿ: ಇಷ್ಟು ಪದದ ಸ್ಕ್ರಿಪ್ಟ್, ಇಷ್ಟು ಭಾಷೆ, ಸ್ಟುಡಿಯೋ ಯಾರದ್ದು, ಎಡಿಟಿಂಗ್ ಸೇರಿದೆಯಾ, ಎಲ್ಲೆಲ್ಲಿ ಬಳಸುತ್ತೀರಿ, ಎಷ್ಟು ಕಾಲ. ಸಂಘದ ಸಭೆಯಲ್ಲಿ ಒಮ್ಮೆ ತೋರಿಸುವ ವಿಡಿಯೋಗೂ ವರ್ಷವಿಡೀ ಎಫ್‌ಎಂನಲ್ಲಿ ಬರುವ ಜಾಹೀರಾತಿಗೂ ಒಂದೇ ದರ ಕೇಳುವುದು ಅನ್ಯಾಯ. ಕಲಾವಿದರು ಓದುವಾಗ ಆದ ತಪ್ಪಿಗೆ ಮತ್ತೆ ಓದುವುದು ಅವರ ಹೊಣೆ. ನೀವು ಸ್ಕ್ರಿಪ್ಟ್ ಬದಲಾಯಿಸಿದರೆ ಅದಕ್ಕೆ ಬೇರೆ ದುಡ್ಡು.

ಇಲ್ಲಿ ಒಂದು ಕೆಟ್ಟ ಅಭ್ಯಾಸ ಇದೆ. ಕನ್ನಡದ ಸ್ಕ್ರಿಪ್ಟ್ ಕೈಗೆ ಕೊಟ್ಟು ‘ನೀವೇ ತುಳುವಿಗೆ ಮಾಡಿಕೊಂಡು ಓದಿಬಿಡಿ’ ಅನ್ನುವುದು. ಅನುವಾದ ಬೇರೆ ಕೆಲಸ, ಅದಕ್ಕೆ ಸಮಯವೂ ದುಡ್ಡೂ ಬೇರೆ. ಅವರಿಂದಲೇ ಮಾಡಿಸಿ, ಆದರೆ ಲೆಕ್ಕದಲ್ಲಿ ಬೇರೆ ಸಾಲಾಗಿ ಬರೆಯಿರಿ.

ಒಪ್ಪಂದ ಒಂದೇ ಪುಟ ಇರಲಿ, ಆದರೆ ಇರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ದನಿ ಕೊಡುವವರಿಗೂ ಪ್ರದರ್ಶಕರಾಗಿ ಹಕ್ಕು ಇದೆ. ಹಕ್ಕನ್ನು ವರ್ಗಾಯಿಸುವುದಾದರೆ ಬರವಣಿಗೆಯಲ್ಲಿ, ಸಹಿ ಹಾಕಿ ಮಾಡಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತಲೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತಲೂ ಲೆಕ್ಕ. ಯೂಟ್ಯೂಬ್‌ಗೆ ಹಾಕುವವರು, ಗಲ್ಫ್‌ನಲ್ಲಿರುವ ನಮ್ಮವರಿಗೆ ತೋರಿಸುವವರು ಈ ಎರಡನ್ನೂ ಬಿಡಿಸಿ ಬರೆದುಕೊಳ್ಳಿ.

ಈ ದನಿಯಿಂದ ಎಐ ದನಿ ತಯಾರಿಸುವುದಿಲ್ಲ ಅನ್ನುವ ಸಾಲನ್ನು ನೀವಾಗಿಯೇ ಸೇರಿಸಿ, ಕಲಾವಿದರು ಕೇಳುವವರೆಗೆ ಕಾಯಬೇಡಿ. 2024ರ ಜುಲೈನಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐನಿಂದ ನಕಲು ಮಾಡುವುದಕ್ಕೆ ಬಾಂಬೆ ಹೈಕೋರ್ಟ್ ಮಧ್ಯಂತರ ಆದೇಶದಲ್ಲಿ ತಡೆ ಕೊಟ್ಟಿದೆ. ದೊಡ್ಡವರಿಗೆ ವಕೀಲರಿದ್ದಾರೆ. ನಮ್ಮ ನಾಟಕದ ಅಕ್ಕನಿಗೆ, ಆಕಾಶವಾಣಿಯ ಟೀಚರಿಗೆ ಈ ಒಂದು ಸಾಲೇ ಆಧಾರ.

ಫೈಲ್ ತೆಗೆದುಕೊಳ್ಳುವಾಗ ಎಂಪಿ3 ಸಾಲದು, ಸದ್ದನ್ನು ಕುಗ್ಗಿಸದ ವೇವ್ (WAV) ಫೈಲೇ ಕೇಳಿ. ವಿಡಿಯೋಗೆ 48 ಕಿಲೋಹರ್ಟ್ಸ್, 24 ಬಿಟ್. ಸಂಗೀತ ಸೇರಿಸದ ಬರೀ ದನಿಯ ಫೈಲನ್ನು ಬೇರೆ ಇಟ್ಟುಕೊಳ್ಳಿ. ಜೊತೆಗೆ ಯಾವ ಸ್ಟುಡಿಯೋ, ಯಾವ ಮೈಕ್, ಮೈಕಿಗೂ ಬಾಯಿಗೂ ಎಷ್ಟು ದೂರ ಅಂತ ಸ್ಕ್ರಿಪ್ಟ್‌ನ ತುದಿಯಲ್ಲೇ ಬರೆದಿಡಿ. ಮುಂದಿನ ವರ್ಷ ಬೋಟಿನ ಟಿಕೆಟ್ ದರ ಬದಲಾದಾಗ ಆ ಒಂದು ವಾಕ್ಯವನ್ನಷ್ಟೇ ಅದೇ ಕಲಾವಿದರಿಂದ ಓದಿಸಿ ಸೇರಿಸಬಹುದು. ಅದಕ್ಕೆ ಎಷ್ಟು ಕೊಡುತ್ತೀರಿ ಅನ್ನುವುದನ್ನೂ ಈಗಲೇ ಒಪ್ಪಂದದಲ್ಲಿ ಬರೆದುಬಿಡಿ.